ಎಡಗೈಯ ಉರುಳು

ಆಗೆಲ್ಲ ಕ್ಯಾಸಂಬಳ್ಳಿ ಕಡೆ ಯಾರದ್ದಾದರೂ ಹೋರಿ ಹಗ್ಗ ಕಿತ್ತುಕೊಂಡು ಓಡಿದರೆ, ಜನ ಓಡಿ ಬರುತ್ತಿದ್ದದ್ದು ನಾನು ಬೆಳೆದ ಅಜ್ಜಿಯ ಮನೆಗೇ. ಅಜ್ಜಿಯ ಮಗ, ನನ್ನ ಚಿನ್ನಪ್ಪ ಮಾವ, ಓಡುವ ಹೋರಿಯ ಕೊಂಬಿಗೆ ದೂರದಿಂದಲೇ ಉರುಳು ಎಸೆದು ಹಿಡಿಯುತ್ತಿದ್ದ. ಬಂಗಾರಪೇಟೆ ಸಂತೆಯಿಂದ ಊರಿಗಾಂ ಗಣಿ ಕೂಲಿಗಳ ಲೈನುಮನೆಗಳವರೆಗೂ ಅವನದೇ ಹೆಸರು.

ಅಂಥವನು ಒಂದು ಸಂತೆಯಲ್ಲಿ, ತಾನೇ ಊರಿಗೆಲ್ಲ ಹೇಳುತ್ತಿದ್ದ ಬುದ್ಧಿ ಮರೆತು, ಹಗ್ಗವನ್ನು ಕೈಗೆ ಸುತ್ತಿಕೊಂಡ. ಹೋರಿ ಎಳೆದ ರಭಸಕ್ಕೆ ಬಲಗೈ ಹೆಬ್ಬೆಟ್ಟೇ ಹೋಯಿತು. ಅಯ್ಯೋ, ಅಜ್ಜಿ ಅತ್ತ ಅಳು!

"ಇನ್ನಾದ್ರೂ ಆ ಅಗ್ಗ ಬಿಸಾಕ್ಲಾ. ಕುರಿ ಮೇಯಿಸ್ಕೊಂಡು ಬದುಕು."

"ಎಡಗೈ ಐತಲ್ಲಮ್ಮೋ."

"ಥೂ! ಎಡಗೈಲಿ ಮಾಡಿದ್ದು ಏಳ್ಗೆ ಆಗಲ್ಲ ಕಣ್ಲಾ."

ಆ ಅವರೆಕಾಯಿ ಕಾಲವೆಲ್ಲ ಮಾವನ ಎಡಗೈ ಅಭ್ಯಾಸಕ್ಕೆ ನಾನೇ ಹೋರಿ. ಚಾಂಪಿಯನ್ ರೀಫ್ಸ್ ಚಿನ್ನದ ಗಣಿಯ ಸಂಜೆ ಸೈರನ್ ಕೂಗು ಕೇಳಿದ್ದೇ ತಡ, ಎರಡೂ ಕೈ ಕೊಂಬಿನ ಹಾಗೆ ತಲೆಯ ಮೇಲೆತ್ತಿ ಕಣದ ತುಂಬ ಓಡುತ್ತಿದ್ದೆ. ಹರಳೆಣ್ಣೆ ಸವರಿದ ಕತ್ತಾಳೆ ಹಗ್ಗದ ವಾಸನೆ, ಒಲೆಯ ಮೇಲಿನ ಅವರೆಕಾಳು ಸಾರಿನ ಸೊಗಡು ಈಗಲೂ ಮೂಗಿನಲ್ಲಿವೆ. ಉರುಳು ಒಮ್ಮೆ ಬೇಲಿಗೆ ಬೀಳುತ್ತಿತ್ತು, ಒಮ್ಮೆ ಹುಲ್ಲಿನ ಮೆದೆಗೆ. ನೋಡಿದವರು ನಗುತ್ತಿದ್ದರು. ಒಂದು ಸಂಜೆ ಪಾಪ ಅನ್ನಿಸಿ ಓಟ ನಿಧಾನ ಮಾಡಿದೆ. ಉರುಳು ಸರಿಯಾಗಿ ಬಿತ್ತು. ಮಾವನಿಗೆ ಎಲ್ಲಿಲ್ಲದ ಸಿಟ್ಟು.

"ಲೇ, ಬೇಕಂತ ನಿಂತ್ಯಾ? ನೀ ನಿಂತ್ರೆ ನಾ ಏನೇ ಕಲೀಲಿ? ಓಡೇ!"

ಓಡಿದೆ. ಆಮೇಲೆ ಒಂದು ದಿನವೂ ಅವನಿಗಾಗಿ ನಿಲ್ಲಲಿಲ್ಲ.

ಸಂಕ್ರಾಂತಿ ಬಂತು. ಉರಿಯುವ ಹುಲ್ಲಿನ ಮೇಲೆ ದನಗಳನ್ನು ಕಿಚ್ಚು ಹಾಯಿಸುವಾಗ ಪಕ್ಕದ ಮನೆಯವರ ಹೋರಿ ಬೆದರಿ, ಹಗ್ಗ ಹರಿದುಕೊಂಡು, ಊರಾಚೆಯ ಹಾಳುಬಾವಿಯ ಕಡೆಗೇ ನುಗ್ಗಿತು. ಮಾವ ಹಗ್ಗ ಎತ್ತಿಕೊಂಡ. ಅಜ್ಜಿ ಅವನ ಅಂಗಿ ಹಿಡಿದಳು.

"ಬ್ಯಾಡ ಕಣ್ಲಾ, ಇರೋ ಕೈನೂ ಓಯ್ತದೆ!"

ಕೊಸರಿಕೊಂಡು ಓಡಿದ. ಎಡಗೈ ಬೀಸಿತು, ಉರುಳು ಎರಡೂ ಕೊಂಬಿಗೆ ಬಿತ್ತು. ಈ ಸಲ ಹಗ್ಗವನ್ನು ಕೈಗೆ ಸುತ್ತಲಿಲ್ಲ, ಪಕ್ಕದಲ್ಲಿದ್ದ ಹುಣಸೆಮರಕ್ಕೆ ಸುತ್ತಿ ಕಾಲೂರಿ ನಿಂತ. ಹೋರಿ ಬಾವಿಯ ಅಂಚಿನಲ್ಲಿ ಗಕ್ಕನೆ ನಿಂತಿತು.

ಎಡಗೈ ಚಾಚಿದ ಮಕ್ಕಳ ಕೈಗೆ ಏಟು ಕೊಡುತ್ತಿದ್ದ ಅಜ್ಜಿ, ಅವತ್ತು ಎಳ್ಳುಬೆಲ್ಲ ತಂದು ಮಾವನ ಎಡಗೈಗೇ ಹಾಕಿದಳು. "ತಿನ್ನಪ್ಪ," ಎಂದಳು. ಅವನು ಕಣ್ಣೊರೆಸಿಕೊಂಡದ್ದನ್ನು ನಾನು ನೋಡಿದೆ.

ಈಗ ಊರಿನ ಕೊಟ್ಟಿಗೆಗಳಲ್ಲಿ ಸೀಮೆಹಸುಗಳು ಕಟ್ಟಿದಲ್ಲೇ ನಿಂತು ಹಾಲು ಕೊಡುತ್ತವೆ. ಉರುಳು ಎಸೆಯುವವರು ಯಾರಿಗೂ ಬೇಡ. ಮಾವನೂ ಇಲ್ಲ. ನನಗೆ ಮಂಡಿನೋವು, ಎದ್ದರೆ ಸಾಕು, "ಪಾಪ, ಕೂತ್ಕೊಳ್ಳಿ" ಎನ್ನುವವರೇ ಎಲ್ಲ. "ಓಡೇ!" ಎಂದು ಗದರುವವರು ಒಬ್ಬರೂ ಉಳಿದಿಲ್ಲ.