ಶೇಖರಣ್ಣನ ಪ್ರಾಕ್ಟಿಕಲ್

ನನ್ನ ಅಡುಗೆಮನೆಗೂ ಶೇಖರಣ್ಣನ ಅಡುಗೆಮನೆಗೂ ನಡುವೆ ಇರುವುದು ಒಂದೇ ಗೋಡೆ. ಅಲ್ಲಿ ಒಗ್ಗರಣೆ ಹಾಕಿದರೆ ಇಲ್ಲಿ ನನಗೆ ಸೀನು ಬರುತ್ತದೆ. ಹಾಗಾಗಿ ಅವರು ವಿಜ್ಞಾನಿಯಾದ ವಿಷಯ ಮುಂಬೈಯ ಇಡೀ ಮಾಟುಂಗದಲ್ಲಿ ಮೊದಲು ಗೊತ್ತಾದದ್ದು ನನಗೇ. ಒಂದು ಭಾನುವಾರ ಊಟ ಮುಗಿಸಿ ಆಗಷ್ಟೇ ಕಣ್ಣು ಮುಚ್ಚಿದ್ದೆ. ಗೋಡೆಯಾಚೆಯಿಂದ ಬುಸ್ಸೆಂಬ ಸದ್ದು, ಅದರ ಬೆನ್ನಿಗೇ ಅವರ ಹೆಂಡತಿ ವಿನೋದಿನಿಯ ಕೂಗು. ಓಡಿಹೋಗಿ ನೋಡಿದರೆ ನೆಲದ ಮೇಲೆ ಕೋಲಾ ಬಾಟಲಿ, ಅದರೊಳಗೆ ಪೆಪ್ಪರ್‌ಮಿಂಟು, ಮೇಲೆ ತಿರುಗುವ ಫ್ಯಾನು. ಬಾಟಲಿಯಿಂದ ಎದ್ದ ಕಾರಂಜಿಯನ್ನು ಫ್ಯಾನು ನಾಲ್ಕೂ ಗೋಡೆಗಳಿಗೆ ಭೇದಭಾವವಿಲ್ಲದೆ ಹಂಚಿತ್ತು. ದೇವರ ಫೋಟೋಗೂ ಪಾಲು ಸಿಕ್ಕಿತ್ತು. ಶೇಖರಣ್ಣ ತೊಯ್ದ ಬನಿಯನ್ನಿನಲ್ಲಿ ನಿಂತು ನಗುತ್ತಿದ್ದರು.

"ನೀಲಾವತಿಯಕ್ಕ, ನೋಡಿದ್ರಾ? ವಿಡಿಯೋದಲ್ಲಿ ತೋರಿಸಿದ ಹಾಗೇ ಆಯ್ತು ಮಾರಾಯ್ರೆ!"

"ಆ ವಿಡಿಯೋದವನನ್ನೇ ಕರೀರಿ, ಬಂದು ಗೋಡೆ ಒರೆಸಿ ಹೋಗ್ಲಿ," ಎಂದು ವಿನೋದಿನಿ ಒರೆಸುವ ಬಟ್ಟೆಯನ್ನು ಗಂಡನ ಕೈಗೆ ತುರುಕಿದಳು. ಗಂಡ ಹೆಂಡತಿ ತಮ್ಮೊಳಗೆ ಆಡುವುದು ತುಳು. ನಾನು ಗದಗಿನ ಕಡೆಯವಳು, ತುಳು ಬಾರದು. ನಾನಿದ್ದಾಗ ಅವರ ಜಗಳ ಮರ್ಯಾದೆಯಿಂದ ಕನ್ನಡಕ್ಕೆ ಬರುತ್ತದೆ.

ಶೇಖರಣ್ಣನಿಗೆ ಅರವತ್ತು ಹತ್ತಿರವಾಯಿತು. ಕಾರ್ಕಳದ ಕಡೆಯಿಂದ ಮೀಸೆ ಮೂಡುವ ಮೊದಲೇ ಬಂದು, ಗ್ರಾಂಟ್ ರೋಡಿನ ಉಡುಪಿ ಹೋಟೆಲೊಂದರಲ್ಲಿ ಕಪ್ಪು ಬಸಿ ತೊಳೆದವರು. ಈಗ ಅದೇ ಹೋಟೆಲಿನ ಗಲ್ಲಾದಲ್ಲಿ ಕೂರುತ್ತಾರೆ. ಆ ಕಾಲದ ಹೋಟೆಲ್ ಹುಡುಗರೆಲ್ಲ ಮಾಡುತ್ತಿದ್ದಂತೆ ಇವರೂ ಹಗಲು ದುಡಿದು, ಸಂಜೆಯ ಮೇಲೆ ಕನ್ನಡದ ರಾತ್ರಿ ಶಾಲೆಗೆ ಹೋಗಿ ಎಸ್ಸೆಸ್ಸಿ ಪಾಸು ಮಾಡಿದರು. ಆ ಶಾಲೆಗೆ ಸ್ವಂತ ಕಟ್ಟಡವಿರಲಿಲ್ಲ. ಹಗಲಿನ ಶಾಲೆಯ ಬೆಂಚುಗಳ ಮೇಲೇ ಇವರು ಕೂರುತ್ತಿದ್ದರು. ಬೆಂಚು ಸಿಕ್ಕಿತು, ಲ್ಯಾಬು ಸಿಗಲಿಲ್ಲ. ಅದರ ಬೀಗದ ಕೈ ಹಗಲಿನವರ ಹತ್ತಿರ. ಹುಡುಗರು ಕಿಟಕಿಗೆ ಮೂಗು ಒತ್ತಿ ಒಳಗಿನ ಗಾಜಿನ ಕೊಳವೆಗಳನ್ನು ನೋಡಿ ತರಗತಿಗೆ ಹೋಗುತ್ತಿದ್ದರಂತೆ.

ರಸಾಯನಶಾಸ್ತ್ರ ಹೇಳುತ್ತಿದ್ದವರು ಬಾಗಲಕೋಟೆ ಕಡೆಯ ಕಾಶಿನಾಥ ಮಾಸ್ತರರು. ಅವರು ಬೋರ್ಡಿನ ಮೇಲೆ ಗಾಜಿನ ಕೊಳವೆ ಬರೆದು, ಅದರೊಳಗೆ ಕೆಂಪು ಸೀಮೆಸುಣ್ಣ ತೀಡುತ್ತಿದ್ದರು. ಆಮೇಲೆ ಅದನ್ನು ಒರೆಸಿ ನೀಲಿ ತೀಡಿ, "ಈಗ ಬಣ್ಣ ಬದಲಾತು ಅಂತ ತಿಳಕೋರಿ" ಎನ್ನುತ್ತಿದ್ದರು. ಹುಡುಗರು ತಿಳಿದುಕೊಂಡರು. ಪಾಸೂ ಆದರು.

"ಬಣ್ಣವಿಲ್ಲದ, ವಾಸನೆಯಿಲ್ಲದ ಅನಿಲ ಅಂತ ಪರೀಕ್ಷೆಯಲ್ಲಿ ಬರೆದೆ," ಎಂದು ಶೇಖರಣ್ಣ ನನಗೆ ಎಷ್ಟು ಸಲ ಹೇಳಿದ್ದಾರೋ. "ಮಾರ್ಕೂ ಬಂತು. ಆದ್ರೆ ವಾಸನೆ ಇಲ್ಲ ಅಂತ ನಾನು ಮೂಸಿ ನೋಡಿದ್ದುಂಟಾ? ಇಲ್ಲ. ಸುಳ್ಳು ಸಾಕ್ಷಿ ಹೇಳಿದ ಹಾಗೆ ಅಲ್ವಾ ಅಕ್ಕ?"

ಮೂಸಿ ನೋಡುವ ಆ ಆಸೆ ನಲವತ್ತು ವರ್ಷ ಗಲ್ಲಾದ ಕೆಳಗೆ ಅಡಗಿ ಕುಳಿತಿತ್ತು. ಮಗಳು ನಿಶಾ ಪವಾಯಿಯ ಆಫೀಸೊಂದರಲ್ಲಿ ಕೆಲಸಕ್ಕೆ ಸೇರಿ ಅಪ್ಪನಿಗೆ ಒಳ್ಳೆಯ ಫೋನ್ ಕೊಡಿಸಿದ್ದೇ ತಡ, ಅದು ಹೊರಗೆ ಬಂತು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ. ನಮ್ಮ ಮಹಡಿಯಲ್ಲಿ ಇಲಿ ಎಂದರೆ ವಿನೋದಿನಿ ಮತ್ತು ನಾನು. ಒಮ್ಮೆ ವಿನೆಗರಿನಲ್ಲಿ ಚಿಪ್ಪು ಕರಗಿಸಿದ ಮೊಟ್ಟೆಯನ್ನು ಅಂಗೈಯಲ್ಲಿ ಹಿಡಿದು ನನ್ನ ಬಾಗಿಲಿಗೆ ಬಂದರು. "ಇದು ಚೆಂಡಿನ ಹಾಗೆ ಪುಟೀತದೆ ನೋಡಿ," ಎಂದರು. ಮೊದಲ ಸಲ ಪುಟಿಯಿತು, ಸುಳ್ಳು ಹೇಳಬಾರದು. ಎರಡನೆಯ ಸಲ ನನ್ನ ರಂಗೋಲಿಯ ಮೇಲೆ ಒಡೆಯಿತು. ಸೋಮವಾರ, ಅದೂ ಶ್ರಾವಣದ್ದು! ನಾನು ಆಡಿದ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಹಾಗೆಂದು ಬರೀ ಬೈದರೆ ನಾಲಿಗೆಗೆ ಪಾಪ ಬಂದೀತು. ಹೋಟೆಲಿನ ಪಾರ್ಸಲ್ಲಿಗೆ ಸುತ್ತುವ ಬೆಳ್ಳಿಬಣ್ಣದ ಹಾಳೆ, ಸೋಡಾಪುಡಿ, ಬಿಸಿನೀರು, ಇಷ್ಟರಲ್ಲೇ ಅವರು ನನ್ನ ಅತ್ತೆಯ ಕಾಲದ ಕಪ್ಪಿಟ್ಟ ಬೆಳ್ಳಿ ದೀಪವನ್ನು ಬೆಳಗಿಸಿ ಕೊಟ್ಟರು. ಉಜ್ಜಲಿಲ್ಲ, ತಿಕ್ಕಲಿಲ್ಲ. ನೀರಿನಲ್ಲಿ ಕಪ್ಪು ಕಳಚಿಕೊಳ್ಳುವುದನ್ನು ನಾನೇ ಕಣ್ಣಾರೆ ಕಂಡೆ. ಒಲೆಯ ಮೇಲೆ ಸಾರು ಉಕ್ಕಿ ಹೋದರೂ ನಾನು ಅಲ್ಲಿಂದ ಕದಲಲಿಲ್ಲ. ಈ ಹುಚ್ಚು ಹೇಗೆ ಹಿಡಿಯುತ್ತದೆ ಎಂಬುದು ಆ ದಿನ ನನಗೆ ಸ್ವಲ್ಪ ತಿಳಿಯಿತು.

ಅಷ್ಟರಲ್ಲಿ ರಾತ್ರಿ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಮ್ಮೇಳನ ಬಂತು. ಮಾಟುಂಗದ ಕನ್ನಡ ಸಂಘವೊಂದರ ಸಭಾಂಗಣದಲ್ಲಿ, ಭಾನುವಾರ. ಈಗ ಓದುತ್ತಿರುವವರೂ ಬರುತ್ತಾರೆ, ನೀವು ಒಂದೆರಡು ಪ್ರಯೋಗ ತೋರಿಸಿ ಎಂದು ಸಂಘದವರು ಶೇಖರಣ್ಣನನ್ನು ಕೇಳಿದರು. ಕಾಶಿನಾಥ ಮಾಸ್ತರರನ್ನು ಕಲ್ಯಾಣದಿಂದ ಟ್ಯಾಕ್ಸಿಯಲ್ಲಿ ಕರೆತರುವುದೆಂದೂ ಗೊತ್ತಾಯಿತು. ಮಾಸ್ತರರಿಗೆ ಎಂಬತ್ತು ದಾಟಿತ್ತು, ಮೊಣಕಾಲು ಸೋತಿತ್ತು. ಅವರು ಮುಂದಿನ ವರ್ಷ ಬರುತ್ತಾರೆ ಎಂದು ಯಾರೂ ಧೈರ್ಯವಾಗಿ ಹೇಳುತ್ತಿರಲಿಲ್ಲ.

"ಅವರು ಬೋರ್ಡಲ್ಲಿ ಬರೆದದ್ದನ್ನು ನಾನು ಅವರ ಎದುರೇ ಮಾಡಿ ತೋರಿಸ್ಬೇಕು," ಎಂದರು ಶೇಖರಣ್ಣ. "ಅದೊಂದು ಆದ್ರೆ ಸಾಕು." ಮಗಳ ಮದುವೆಯ ಬಗ್ಗೆ ಕೂಡ ಅವರು ಅಷ್ಟು ಆಸೆಯಿಂದ ಮಾತಾಡಿದ್ದನ್ನು ನಾನು ಕೇಳಿಲ್ಲ.

ವಿನೋದಿನಿ ಒಪ್ಪಿದಳು. ಆದರೆ ಹಬ್ಬ ಹತ್ತಿರ ಬಂತು, ಮನೆಯಲ್ಲಿ ಕಾಲಿಡಲು ಜಾಗವಿಲ್ಲ, ಮೊದಲು ನಿಮ್ಮ ಬಾಟಲಿಗಳನ್ನು ಕಡಿಮೆ ಮಾಡಿ ಎಂದಳು. ಅನಾಹುತವಾದದ್ದು ಅಲ್ಲಿಯೇ. ಬಾಟಲಿ ಕಡಿಮೆ ಮಾಡುವುದಕ್ಕೆ ಬೇರೆಯವರಾಗಿದ್ದರೆ ಬೇಡದ್ದನ್ನು ಎಸೆಯುತ್ತಿದ್ದರು. ಹೋಟೆಲಿನವರು ಎಸೆಯುವುದಿಲ್ಲ. ಮಧ್ಯಾಹ್ನ ಉಳಿದ ಬಟಾಟೆ ಪಲ್ಯ ಸಂಜೆ ಬೋಂಡಾದೊಳಗೆ ಹೋಗುತ್ತದೆ, ಉಳಿದ ಇಡ್ಲಿ ಉಪ್ಪಿಟ್ಟಾಗುತ್ತದೆ. ಎರಡು ಪಾತ್ರೆಗಳ ತಳದಲ್ಲಿ ಸಾಂಬಾರು ಉಳಿದರೆ ಎರಡನ್ನೂ ಒಂದಕ್ಕೆ ಸುರಿದು ಒಂದು ಪಾತ್ರೆ ತೊಳೆಯಲು ಹಾಕುತ್ತಾರೆ. ಕಪ್ಪು ತೊಳೆಯುವಾಗಲೇ ಶೇಖರಣ್ಣ ಕಲಿತ ಮೊದಲ ಪಾಠ ಅದು. ರಸಾಯನಶಾಸ್ತ್ರ ಆಮೇಲಿನದು.

ಶುಕ್ರವಾರ ಬೆಳಿಗ್ಗೆ ಬಚ್ಚಲಲ್ಲಿ ಕುಳಿತು ಅವರು ತಳದಲ್ಲಿ ಉಳಿದದ್ದನ್ನೆಲ್ಲ ಒಟ್ಟು ಮಾಡಿದರು. ಬಟ್ಟೆ ಬಿಳಿ ಮಾಡುವ ಬ್ಲೀಚ್ ಒಂದರಲ್ಲಿ ಸ್ವಲ್ಪ, ಸಂಡಾಸು ತೊಳೆಯುವ ಆಸಿಡ್ ಇನ್ನೊಂದರಲ್ಲಿ ಸ್ವಲ್ಪ. ಎರಡೂ ತೊಳೆಯುವುದೇ ತಾನೇ ಎಂದು ಒಂದನ್ನು ಇನ್ನೊಂದಕ್ಕೆ ಸುರಿದರು.

ಗೋಡೆಯೀಚೆ ನನಗೇ ಗಂಟಲು ಉರಿಯಿತು. ನಾನು ಹೊರಗೆ ಬರುವಷ್ಟರಲ್ಲಿ ಶೇಖರಣ್ಣ ಕೆಮ್ಮುತ್ತ ಮೆಟ್ಟಿಲ ಹತ್ತಿರ ಕುಸಿದಿದ್ದರು. ಅವರನ್ನು ಬಚ್ಚಲಿನಿಂದ ಎಳೆದು ತಂದದ್ದು ವಿನೋದಿನಿ. ಅವಳಿಗೆ ಮೊದಲೇ ದಮ್ಮಿನ ಕಾಯಿಲೆ. ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು, ಬಾಯಿ ತೆರೆದಿತ್ತು, ಉಸಿರು ಒಳಗೆ ಹೋಗುತ್ತಿರಲಿಲ್ಲ. ಇಬ್ಬರನ್ನೂ ಕೆಳಗೆ ಇಳಿಸಿಕೊಂಡು, ಸಿಕ್ಕ ಟ್ಯಾಕ್ಸಿಯಲ್ಲಿ ತುಂಬಿಕೊಂಡು ಹತ್ತಿರದ ನರ್ಸಿಂಗ್ ಹೋಮಿಗೆ ಓಡಿದೆವು. ದಾರಿಯುದ್ದಕ್ಕೂ ಶೇಖರಣ್ಣ ಅವಳ ಪಾದ ಹಿಡಿದುಕೊಂಡಿದ್ದರು.

ಆಕ್ಸಿಜನ್ ಹಚ್ಚಿದ ಮೇಲೆ ಅವಳ ಮುಖಕ್ಕೆ ಬಣ್ಣ ಬಂತು. ಏನನ್ನು ಬೆರೆಸಿದಿರಿ ಎಂದು ಡಾಕ್ಟರು ಕೇಳಿದರು. ಶೇಖರಣ್ಣ ಹೇಳಿದರು. ಇವೆರಡು ಕೂಡಿದರೆ ಬರುವುದು ವಿಷದ ಗಾಳಿ, ಇನ್ನು ಸ್ವಲ್ಪ ಹೊತ್ತು ಒಳಗಿದ್ದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ ಎಂದು ಡಾಕ್ಟರು ಬೈದರು. ಪವಾಯಿಯಿಂದ ಓಡಿ ಬಂದ ನಿಶಾ ಅಮ್ಮನ ಕೈ ಹಿಡಿದು ಅತ್ತು, ಅಪ್ಪನ ಕಡೆ ತಿರುಗಿ, "ಪಪ್ಪಾ, ಪಾಗಲ್ ಹೋ ಗಯೇ ಹೋ ಕ್ಯಾ? ಹುಚ್ಚಾ ನಿಮಗೆ? ಸಂಡೇ ಪ್ರೋಗ್ರಾಂ ಕ್ಯಾನ್ಸಲ್. ನಾನು ಅವರಿಗೆ ಫೋನ್ ಮಾಡ್ತೇನೆ," ಎಂದಳು.

"ಮಾಡು," ಎಂದರು ಶೇಖರಣ್ಣ.

ಮಾರನೆಯ ದಿನ ವಿನೋದಿನಿ ಮನೆಗೆ ಬಂದಳು. ನಿಶಾ ಬಾಟಲಿಗಳನ್ನೆಲ್ಲ ಖಾಲಿ ಮಾಡಿಸಿದ್ದಳು. ಶೇಖರಣ್ಣ ಗೋಡೆಗೆ ಒರಗಿ ಕೂತವರು ಚಹಾ ಬೇಡ, ಊಟ ಬೇಡ ಎಂದರು, ಫೋನೂ ಮುಟ್ಟಲಿಲ್ಲ. ಆ ಕಡೆಯ ಅಡುಗೆಮನೆ ಅಷ್ಟು ಸುಮ್ಮನಿದ್ದದ್ದು ನನಗೂ ಹಿಡಿಸಲಿಲ್ಲ. ನಾನು ಗಂಜಿ ಒಯ್ದಾಗ ವಿನೋದಿನಿ ಹಾಸಿಗೆಯ ಮೇಲಿಂದ ಗಂಡನನ್ನೇ ನೋಡುತ್ತಿದ್ದಳು. ದನಿ ಕಟ್ಟಿತ್ತು.

"ನಾಳೆ ಹೋಗಿ," ಎಂದಳು.

"ಸಾಧ್ಯವಿಲ್ಲ. ನಿನ್ನ ಜೀವ ತೆಗೀತಿದ್ದೆ ನಾನು."

"ತೆಗೀಲಿಲ್ಲ ಅಲ್ವಾ? ಹಾಗಾದ್ರೆ ಕೇಳಿ. ಬಾಯಿಗೆ ಹಾಕಬಹುದಾದದ್ದು ಮಾತ್ರ ಮುಟ್ಬೇಕು. ಕುಡೀಲಿಕ್ಕೆ ಆಗದ್ದು, ತಿನ್ನಲಿಕ್ಕೆ ಆಗದ್ದು ಯಾವುದೂ ನಿಮ್ಮ ಕೈಯಲ್ಲಿ ಇರಬಾರದು. ನಾನು ಮುಂದೆ ಕೂತು ನೋಡ್ತೇನೆ."

"ಅಮ್ಮಾ!" ಎಂದಳು ನಿಶಾ.

"ನೀನು ಸುಮ್ಮನಿರು. ಪುಂಡಾಟ ಮಾಡುವಾಗ ಇವರನ್ನು ಬೈಬಹುದು. ಹೀಗೆ ಕೂತ್ರೆ ನನಗೆ ನೋಡ್ಲಿಕ್ಕೆ ಆಗುವುದಿಲ್ಲ."

ನಿಶಾ ಮುಖ ಊದಿಸಿಕೊಂಡೇ ಸಂಘದವರಿಗೆ ಮತ್ತೆ ಫೋನ್ ಮಾಡಿದಳು. ಹೀಗೆ ತೋರಿಸಬೇಕೆಂದಿದ್ದ ಜ್ವಾಲಾಮುಖಿ, ಕಾರಂಜಿ, ಹೊಗೆ ಎಲ್ಲ ರದ್ದಾಗಿ ಉಳಿದದ್ದು ಮುಂಬೈಯವರು ಕೋಕಮ್ ಎನ್ನುವ ಪುನರ್ಪುಳಿಯ ಶರಬತ್ತು, ಸೋಡಾಪುಡಿ ಮತ್ತು ಲಿಂಬೆಹಣ್ಣು. ಶರಬತ್ತಿನ ಕೆಂಪು ಬಣ್ಣ ಸೋಡಾಪುಡಿ ಹಾಕಿದರೆ ಬದಲಾಗುತ್ತದೆ, ಲಿಂಬೆರಸ ಹಿಂಡಿದರೆ ಮರಳಿ ಬರುತ್ತದೆ. ಮಾಸ್ತರರ ಎರಡು ಬಣ್ಣದ ಸೀಮೆಸುಣ್ಣದ ಪಾಠಕ್ಕೆ ಅಷ್ಟು ಸಾಕಿತ್ತು.

ಭಾನುವಾರ ಸಭಾಂಗಣ ತುಂಬಿತ್ತು. ಗಾಲಿಕುರ್ಚಿಯಲ್ಲಿ ಕಾಶಿನಾಥ ಮಾಸ್ತರರು ಮೊದಲ ಸಾಲಿನ ನಡುವೆ. ಅವರ ಪಕ್ಕದಲ್ಲಿ ಮಾಸ್ಕು ಹಾಕಿಕೊಂಡು ವಿನೋದಿನಿ, ಅವಳ ಕಾಲ ಬಳಿ ಒಂದು ಬಕೆಟ್ ನೀರು. ಕುಡಿಯುವ ಶರಬತ್ತಿಗೆ ಬಕೆಟ್ ಯಾಕೆ ಎಂದರೆ, "ಇವರನ್ನು ನಂಬಲಿಕ್ಕೆ ಆಗುವುದಿಲ್ಲ," ಎಂದಳು.

ಹೆಸರು ಕರೆದ ಕೂಡಲೇ ಶೇಖರಣ್ಣ ಸಭಾಂಗಣದ ಹಿಂದಿನಿಂದ ಗ್ಲಾಸುಗಳನ್ನಿಟ್ಟ ಟ್ರೇ ಹಿಡಿದು ಹೊರಟರು. ಬಿಳಿ ಅಂಗಿ, ಟ್ರೇಯಲ್ಲಿ ಕೆಂಪು ಶರಬತ್ತು, ಸಾಲುಗಳ ನಡುವೆ ಗ್ಲಾಸು ತುಳುಕಿಸದ ಆ ಹಳೆಯ ಹೋಟೆಲ್ ನಡಿಗೆ. ಕೂತವರೆಲ್ಲ ಏನೆಂದು ತಿಳಿಯಬೇಕು? ಐದನೆಯ ಸಾಲಿನವರೊಬ್ಬರು ಕೈ ಚಾಚಿ ಒಂದನ್ನು ಎತ್ತಿಕೊಂಡರು. ಮೂರನೆಯ ಸಾಲಿನಿಂದ "ಇಲ್ಲೊಂದು ಕೊಡಿ" ಎಂಬ ದನಿ ಬಂತು. ಗಿರಾಕಿ ಕರೆದರೆ ಹೋಗದೆ ಇರುವುದು ಶೇಖರಣ್ಣನಿಗೆ ಗೊತ್ತೇ ಇಲ್ಲ. ಹೋದರು. ವೇದಿಕೆ ಮುಟ್ಟುವಷ್ಟರಲ್ಲಿ ಪ್ರಯೋಗದ ಬಹುಭಾಗ ಸಭಿಕರ ಹೊಟ್ಟೆ ಸೇರಿತ್ತು. ಮುಖ್ಯ ಅತಿಥಿಗಳೂ ಒಂದು ಗ್ಲಾಸು ಮುಗಿಸಿ, "ಸಕ್ಕರೆ ಸ್ವಲ್ಪ ಕಡಿಮೆ" ಎಂದರು. ಸಭೆ ಬಿದ್ದು ಬಿದ್ದು ನಕ್ಕಿತು. ನಾನು ಮಾತ್ರ ವಿನೋದಿನಿಯ ಕಡೆ ನೋಡಿದೆ. ಅವಳು ಆ ಕಟ್ಟಪ್ಪಣೆ ಮಾಡದೆ ಇದ್ದಿದ್ದರೆ ಆ ಟ್ರೇಯಲ್ಲಿ ಏನಿರುತ್ತಿತ್ತೋ, ಯಾರು ಕುಡಿಯುತ್ತಿದ್ದರೋ.

ಟ್ರೇಯಲ್ಲಿ ಉಳಿದದ್ದು ಒಂದೇ ಗ್ಲಾಸು. ಶೇಖರಣ್ಣ ನಗುವ ಸಭೆಯನ್ನೂ ಗ್ಲಾಸನ್ನೂ ನೋಡಿದರು. ಮುಖ ಸಣ್ಣದಾಗಿತ್ತು. ವಿನೋದಿನಿ ಮಾಸ್ಕು ಕೆಳಗೆ ಎಳೆದು, "ಮಾಡಿ" ಎಂದು ಸನ್ನೆ ಮಾಡಿದಳು. ಅವರು ವೇದಿಕೆ ಹತ್ತಲಿಲ್ಲ. ನೇರವಾಗಿ ಮಾಸ್ತರರ ಮುಂದೆ ಮೊಣಕಾಲೂರಿ ಕೂತು, ಗ್ಲಾಸನ್ನು ಅವರ ಕಣ್ಣಿನ ಎತ್ತರಕ್ಕೆ ಹಿಡಿದು, ಚಮಚದಿಂದ ಸೋಡಾಪುಡಿ ಉದುರಿಸಿದರು. ಬುರುಗು ಎದ್ದಿತು. ಕೆಂಪು ನೇರಳೆಯಾಯಿತು, ಇನ್ನಷ್ಟು ಉದುರಿಸಿದರೆ ಕಡುಹಸಿರಾಯಿತು. ಲಿಂಬೆ ಹಿಂಡಿದರು. ಕೆಂಪು ಮರಳಿ ಬಂತು.

"ಮಾಸ್ತರ್ರೇ, ನೀವು ಬೋರ್ಡಲ್ಲಿ ಬರೆದದ್ದು," ಎಂದರು.

ಮಾಸ್ತರರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. "ಇನ್ನೊಮ್ಮೆ ಮಾಡು," ಎಂದರು. ಶೇಖರಣ್ಣ ಇನ್ನೊಮ್ಮೆ ಮಾಡಿದರು.

"ಖರೇನ ಬದಲಾಗ್ತೈತೇನೋ ಶೇಖರಾ!"

"ನೀವೇ ಹೇಳಿಕೊಟ್ಟದ್ದಲ್ವಾ?"

"ಹೇಳಿದ್ನೋ ಯಪ್ಪಾ, ನೋಡಿದ್ದಿಲ್ಲ," ಎಂದರು ಮಾಸ್ತರರು. "ನಾ ಓದಿದ್ದು ಇತಿಹಾಸ. ಹಗಲಿ ಆಫೀಸಿನ್ಯಾಗ ಕಾರಕೂನ. ರಾತ್ರಿ ಶಾಲಿಗೆ ಕೆಮಿಸ್ಟ್ರಿ ಕಲಸಾಕ ಯಾರೂ ಬರಲಿಲ್ಲ, ಹಾಳೂರಿಗೆ ಉಳಿದವನ ಗೌಡ ಅಂತ ನನ್ನ ನಿಲ್ಲಿಸಿದ್ರು. ಪುಸ್ತಕದಾಗ ಇದ್ದದ್ದನ್ನ ಬೋರ್ಡಿಗೆ ಬರದೆ. ಆ ಲ್ಯಾಬಿನ ಕೀಲಿ ನನ್ನ ಕೈಗೂ ಕೊಡಲಿಲ್ಲೋ ಅವರು. ನಾನೂ ನಿಮ್ಮಾಂಗ ಕಿಟಕ್ಯಾಗ ನಿಂತು ನೋಡಿದಾಂವನ."

 ಶೇಖರಣ್ಣನ ಕಣ್ಣಲ್ಲಿ ನೀರು ಬಂದಿತ್ತು, ನನ್ನ ಕಣ್ಣಲ್ಲೂ. ಅವರು ಚಮಚವನ್ನು ಮಾಸ್ತರರ ಬೆರಳುಗಳ ನಡುವೆ ಇಟ್ಟು, ಗ್ಲಾಸನ್ನು ಅದರ ಕೆಳಗೆ ಹಿಡಿದರು.  ಅರ್ಧ ಪುಡಿ ಪಂಚೆಯ ಮೇಲೆ ಬಿತ್ತು, ಅರ್ಧ ಗ್ಲಾಸಿಗೆ ಬಿತ್ತು. ಬುರುಗು ಎದ್ದು ಬಣ್ಣ ತಿರುಗತೊಡಗಿತು. ಮಾಸ್ತರರು ಮುಖವನ್ನು ಗ್ಲಾಸಿನ ಅಂಚಿಗೇ ತಂದು ನೋಡುತ್ತಿದ್ದರು.

ಕಾರ್ಯದರ್ಶಿಗಳು ಗಡಿಯಾರ ನೋಡಿ ಮೈಕಿನಲ್ಲಿ ಮುಂದಿನ ಕಾರ್ಯಕ್ರಮದ ಹೆಸರು ಕರೆದರು. ಮಾಸ್ತರರು ಗ್ಲಾಸಿನಿಂದ ಕಣ್ಣು ತೆಗೆಯದೆ, ಇನ್ನೊಂದು ಕೈಯೆತ್ತಿ ಹಳೆಯ ತರಗತಿಯ ದನಿಯಲ್ಲಿ ಗದರಿದರು.

"ಏ, ಸುಮ್ನ ಕೂಡ್ರಿ. ಇಲ್ಲಿ ಪ್ರಾಕ್ಟಿಕಲ್ ನಡದೈತಿ."