ಪ್ಲಾಸ್ಟಿಕ್ ಮುಕ್ತ ದೇಸಾಯಿ ಸರ್

ದೇಸಾಯಿ ಸರ್ ಮಣ್ಣು ಮುಟ್ಟುತ್ತಿರಲಿಲ್ಲ. ಪುಣೆಯ ನಮ್ಮ ತೋಟಗಾರಿಕೆ ಕಾಲೇಜಿನಲ್ಲಿ ಗಿಡಗಳಿಗೆ ಕಸಿ ಕಟ್ಟುವುದನ್ನು ಕಲಿಸುತ್ತಿದ್ದ ಅವರು ಕಸಿಯ ಚಾಕುವನ್ನು ಪೆನ್ನಿನ ಹಾಗೆ ಜೇಬಿಗೆ ಸಿಕ್ಕಿಸಿಕೊಂಡು ಬರುತ್ತಿದ್ದರು. ಅದರ ಅಲಗು ಹೊರಬಂದದ್ದನ್ನು ನಾನು ಒಮ್ಮೆ ಮಾತ್ರ ನೋಡಿದ್ದೇನೆ, ಪ್ರಾಂಶುಪಾಲರ ಹುಟ್ಟುಹಬ್ಬದ ಕೇಕಿನ ಡಬ್ಬಿಯ ದಾರ ಕತ್ತರಿಸುವಾಗ.

ಪಾಠ ಇಂಗ್ಲಿಷು, ಮರಾಠಿಯಲ್ಲಿ. ಬೈಗುಳ ಮಾತ್ರ ಕನ್ನಡದಲ್ಲಿ. ತರಗತಿಯಲ್ಲಿ ಕನ್ನಡದವರು ನಾನು ಮತ್ತು ಸವಿತಾ ಇಬ್ಬರೇ. "ಏನವಾ, ತಲ್ಯಾಗ ಸಗಣಿ ತುಂಬೇದೇನು?" ಎಂದು ಅವರು ನಗುನಗುತ್ತ ಕೇಳಿದರೆ, ಉಳಿದವರು ಸರ್ ತಮ್ಮ ಊರ ಕಡೆಯವರ ಯೋಗಕ್ಷೇಮ ವಿಚಾರಿಸುತ್ತಿದ್ದಾರೆ ಎಂದುಕೊಳ್ಳುತ್ತಿದ್ದರು.

ಸರ್‌ಗೆ ವಿಷಯ ಗೊತ್ತಿರಲಿಲ್ಲ ಎಂದು ನಾನು ಹೇಳಲಾರೆ. ಕಸಿ ಕಟ್ಟಿದ ಕಡ್ಡಿ ಒಣಗದಂತೆ ಅದಕ್ಕೆ ಐಸ್‌ಕ್ಯಾಂಡಿಯ ಉದ್ದನೆಯ ಪ್ಲಾಸ್ಟಿಕ್ ಕವರು ತೊಡಿಸಬೇಕು, ಚಿಗುರುವ ತನಕ ತೆಗೆಯಬಾರದು ಎಂದು ಕಲಿಸಿದವರೇ ಅವರು.

ಕೊನೆಯ ವರ್ಷ ಸವಿತಾ ಸೀತಾಫಲದ ಕಸಿಯನ್ನು ಪ್ರಾಜೆಕ್ಟಿಗೆ ಆರಿಸಿಕೊಂಡಳು. ಗಿಡ ಬದುಕಿದರೆ ಪಾಸು, ಸತ್ತರೆ ವರ್ಷ ಹೋಯಿತು. ಕಸಿ ಇನ್ನೂ ಕೂಡಿಕೊಳ್ಳುತ್ತಿದ್ದಾಗ ತಪಾಸಣಾ ಸಮಿತಿ ಬರುವ ಸುದ್ದಿ ಬಂತು. ಸರ್ ಗೇಟಿಗೆ 'ಪ್ಲಾಸ್ಟಿಕ್ ಮುಕ್ತ ಆವರಣ' ಎಂಬ ಫಲಕ ಹಾಕಿಸಿದರು. ಫಲಕವೂ ಪ್ಲಾಸ್ಟಿಕ್ಕಿನದೇ. ಆಮೇಲೆ ಸವಿತಾಳ ಪಾತಿಯ ಮುಂದೆ ಬಂದು ನಿಂತರು.

"ಇದೇನವಾ, ಐಸ್‌ಕ್ಯಾಂಡಿ ಅಂಗಡಿ ಇಟ್ಟೀಯೇನು? ಕವರೆಲ್ಲಾ ತಗೀ."

"ಸರ್, ಇನ್ನಾ ಚಿಗುರಿಲ್ಲರೀ. ಈ ಬಿಸಲಾಗ ತಗದ್ರ ಒಣಗತಾವರೀ."

"ನನಗ ಕಲಸ್ತೀಯೇನು? ಬೋರ್ಡ್ ಓದಾಕ ಬರತದೋ ಇಲ್ಲೋ?"

ಅವಳು ಒಂದೊಂದೇ ಕವರು ಬಿಚ್ಚಿದಳು. ನಾನು ಪಕ್ಕದಲ್ಲೇ ನಿಂತಿದ್ದೆ. ಒಂದು ಕಡ್ಡಿಯೂ ಅಲುಗಲಿಲ್ಲ. ಸಮಿತಿಯವರು ಆವರಣದ ಸ್ವಚ್ಛತೆಯನ್ನು ಹೊಗಳಿ, ಊಟ ಮಾಡಿ ಹೋದರು. ಸೀತಾಫಲದ ಕಡ್ಡಿಗಳು ಕಪ್ಪಾದವು.

ಪರೀಕ್ಷೆಯ ದಿನ ಹೊರಗಿನ ಪರೀಕ್ಷಕರು ಪಾತಿ ನೋಡಿ, ಇವೆಲ್ಲ ಹೇಗೆ ಸತ್ತವು ಎಂದು ಮರಾಠಿಯಲ್ಲಿ ಕೇಳಿದರು. ಹುಡುಗಿಯ ನಿಷ್ಕಾಳಜಿ ಎಂದರು ಸರ್. ಸವಿತಾ ಬಾಯಿ ತೆರೆದಳು. ಸರ್ ನಗುಮುಖದಲ್ಲೇ ಅವಳ ಕಡೆ ತಿರುಗಿ, ಕನ್ನಡದಲ್ಲಿ, "ಬಾಯಿ ಮುಚಗೊಂಡು ನಿಂದರು. ಹೆಂಗರ ಮಾಡಿ ಪಾಸ್ ಮಾಡಸ್ತೀನಿ," ಎಂದರು.

ಸವಿತಾ ಆ ಮಾತನ್ನು ಅಕ್ಷರ ಬಿಡದೆ ಮರಾಠಿಯಲ್ಲಿ ಪರೀಕ್ಷಕರಿಗೆ ಹೇಳಿದಳು. ಕವರು ಬಿಚ್ಚಿಸಿದ್ದನ್ನೂ ಹೇಳಿದಳು. ಅವಳು ಹೇಳಿದ್ದು ನಿಜ ಎಂದು ನಾನೂ ಹೇಳಿದೆ. ಸರ್ ಅವರ ಕಾರಿನಲ್ಲೇ ಬಂದಿದ್ದ ಪರೀಕ್ಷಕರು ನಮ್ಮಿಬ್ಬರನ್ನೂ ನೋಡಿ, "ತುಮ್ಹಾ ಕಾನಡಿ ಲೋಕಾಂಚಂ ಭಾಂಡಣ ಘರೀ ಮಿಟವಾ," ನಿಮ್ಮ ಕನ್ನಡದವರ ಜಗಳ ಮನೆಯಲ್ಲಿ ತೀರಿಸಿಕೊಳ್ಳಿ ಎಂದು ನಕ್ಕು ಸಹಿ ಹಾಕಿದರು. ಸವಿತಾ ಫೇಲಾದಳು. ಮತ್ತೆ ಕಾಲೇಜಿಗೆ ಬರಲಿಲ್ಲ.

ಸರ್‌ ನನಗೆ ಕೊನೆಯ ಬಾರಿ ಸಿಕ್ಕಿದ್ದು ಹೋದ ವರ್ಷ, ಪುಣೆಯ ಖರಾಡಿ ಬಡಾವಣೆಯ ಒಂದು ಅಪಾರ್ಟ್‌ಮೆಂಟಿನ ತಾರಸಿಯಲ್ಲಿ. ನಿವೃತ್ತಿಯ ನಂತರ ಅವರು ಉದ್ಯಾನ ಸಲಹೆಗಾರರು. ನಾನು ಗಿಡ ಒದಗಿಸಲು ಹೋಗಿದ್ದೆ. ಅವರೇ ಬಂದು ಹೆಗಲ ಮೇಲೆ ಕೈಯಿಟ್ಟರು.

"ನಿನ್ನ ಜೋಡಿ ಒಬ್ಬಾಕಿ ಇದ್ಲಲ್ಲ, ಸವಿತಾ. ಭಾಳ ಶಾಣ್ಯಾ ಹುಡುಗಿ. ಈಗ ಎಲ್ಲಿ ಆಫೀಸರ್ ಆಗ್ಯಾಳ?"

"ನೀವು ಫೇಲ್ ಮಾಡಿದ್ರಿ ಸರ್ ಆಕಿನ್ನ. ಡಿಗ್ರಿ ಆಗಲಿಲ್ಲ."

"ಹೌದೇನು?" ಎಂದರು.

ನಾನು ಅವರ ಮುಖವನ್ನು ಸಾಕಷ್ಟು ಹೊತ್ತು ನೋಡಿದೆ. ಅವರು ನಟಿಸುತ್ತಿರಲಿಲ್ಲ. ಅವರಿಗೆ ನಿಜವಾಗಿಯೂ ನೆನಪಿರಲಿಲ್ಲ.