ಹೊಸ್ತಿಲಿಗಿಂತ ಎತ್ತರದ ರಸ್ತೆ

ನೀರು ತುಂಬಿದ ಪ್ಲಾಸ್ಟಿಕ್ ಪೈಪಿನ ಒಂದು ತುದಿಯನ್ನು ಪಂಚಶೀಲಾ, ಶೇಖಮ್ಮನ ಮನೆಯ ಬಾಗಿಲ ಚೌಕಟ್ಟಿಗೆ ಒತ್ತಿ ಹಿಡಿದಿದ್ದಳು. ಇನ್ನೊಂದು ತುದಿ ಓಣಿಯ ಆಚೆ ಬದಿಗೆ, ಎಂಜಿನಿಯರ್ ಭಗವಂತರಾಯರ ಕೈಯಲ್ಲಿತ್ತು. ಹೊಸ ಕಾಂಕ್ರೀಟು ಎಲ್ಲಿಯವರೆಗೆ ಏರಲಿದೆ ಎಂದು ಅಲ್ಲೊಂದು ಕಬ್ಬಿಣದ ಗೂಟಕ್ಕೆ ಬಣ್ಣ ಹಚ್ಚಿದ್ದರು. ಆ ಗುರುತಿಗೆ ಸರಿಯಾಗಿ ನೀರು ನಿಲ್ಲಿಸಿದರೆ ಈ ತುದಿಯಲ್ಲೂ ಅದೇ ಮಟ್ಟಕ್ಕೆ ನಿಲ್ಲುತ್ತದೆ. ಗೌಂಡಿಗಳು ಮಟ್ಟ ನೋಡುವುದು ಹೀಗೆಯೇ.

"ನಿಂತದೇನವ್ವಾ?"

"ನಿಂತದ್ರಿ ಸರ್."

"ಎಲ್ಲಿಗಿ ಬಂತು?"

ಪಂಚಶೀಲಾ ಬಗ್ಗಿ ನೋಡಿದಳು. ಇನ್ನೊಮ್ಮೆ ನೋಡಿದಳು. "ಹೊಸ್ತಿಲ ಮ್ಯಾಗ ಒಂದು ಗೇಣು ಬಂದದ್ರಿ."

ಮರುದಿನ ಹಾಕಲಿರುವ ರಸ್ತೆ ಶೇಖಮ್ಮನ ಹೊಸ್ತಿಲಿಗಿಂತ ಒಂದು ಗೇಣು ಎತ್ತರ ಎಂದಾಯಿತು. ಮಳೆ ಬಂದರೆ ನೀರು ಎತ್ತ ಹರಿಯುತ್ತದೆ ಎಂದು ತಿಳಿಯಲು ಎಂಜಿನಿಯರಿಂಗ್ ಓದಬೇಕಾಗಿಲ್ಲ.

ಪಂಚಶೀಲಾ ಇನ್ನೂ ಓದಿಯೂ ಇರಲಿಲ್ಲ. ಶಹಾಪುರದ ಹಾಸ್ಟೆಲಿನಲ್ಲಿದ್ದು ಪಿಯುಸಿ ಎರಡನೇ ವರ್ಷದಲ್ಲಿ ವಿಜ್ಞಾನ ಕಲಿಯುತ್ತಿರುವ ಹುಡುಗಿ. ಮುಂದೆ ಏನಾಗಬೇಕು ಎಂದುಕೊಂಡಿದ್ದೀರೋ ಆ ಕೆಲಸದವರ ಜೊತೆ ಒಂದು ವಾರ ಓಡಾಡಿ ಬನ್ನಿ ಎಂದು ಕಾಲೇಜಿನವರು ಕಳಿಸಿದ್ದರು. ಗೆಳತಿಯರು ಆಸ್ಪತ್ರೆ, ಬ್ಯಾಂಕು ಹುಡುಕಿಕೊಂಡರು. ಸಿವಿಲ್ ಎಂಜಿನಿಯರ್ ಜೊತೆ ಹೋಗುತ್ತೇನೆ ಎಂದವಳು ಇವಳೊಬ್ಬಳೇ. "ಬಿಸಿಲಾಗ ತಿರುಗೋ ಕೆಲಸವ್ವಾ, ಬ್ಯಾಂಕೇ ಚಲೋ ಇತ್ತು," ಎಂದು ಉಪನ್ಯಾಸಕಿ ಉಮಾ ಹೇಳಿ ನೋಡಿದರು. ಪಂಚಶೀಲಾಳ ಊರು ವಡಗೇರಾ. ಅವಳ ತಾಯಿ ವರ್ಷಗಟ್ಟಲೆ ಬಿಸಿಲಿನಲ್ಲೇ ಕಾಂಕ್ರೀಟಿನ ಪುಟ್ಟಿ ಹೊತ್ತವರು. ಕೆಲಸದ ಜಾಗಕ್ಕೆ ಜೀಪಿನಲ್ಲಿ ಬಂದು, ಅರೆಗಳಿಗೆ ನಿಂತು ನೋಡಿ ಹೋಗುವ ಮನುಷ್ಯ ಅಲ್ಲಿ ನೋಡುವುದಾದರೂ ಏನು ಎಂಬುದು ಅವಳಿಗೆ ಚಿಕ್ಕಂದಿನಿಂದ ಇದ್ದ ಪ್ರಶ್ನೆ.

ಭಗವಂತರಾಯರು ಆ ಪ್ರಶ್ನೆಗೆ ಚೆನ್ನಾಗಿಯೇ ಉತ್ತರ ಹೇಳಿಕೊಟ್ಟರು. ಯಾದಗಿರಿಯಲ್ಲಿ ಮನೆ ಮಾಡಿಕೊಂಡಿರುವ, ನಿವೃತ್ತಿಗೆ ಹತ್ತಿರ ಬಂದ ಮನುಷ್ಯ, ಕಲಿಸುವುದೆಂದರೆ ಇಷ್ಟ. ಮೊದಲ ದಿನ ಸುರಪುರದಲ್ಲಿ ಗುಡ್ಡದ ಇಳಿಜಾರಿನ ಚರಂಡಿಯೊಂದರ ಪಕ್ಕ ಅವಳನ್ನು ನಿಲ್ಲಿಸಿ ಹೇಳಿದ್ದರು: "ಚರಂಡಿ ಆಗ್ಲಿ, ರಸ್ತಿ ಆಗ್ಲಿ, ನೀರು ಹೋಗಿ ಮುಟ್ಟೋ ಜಾಗದಿಂದ ಲೆವೆಲ್ ಹಿಡೀಬೇಕು. ಮ್ಯಾಲಿಂದ ಹಿಡಕೊಂಡು ಬಂದಾವ ಕೆಳಗಿನವ್ರ ಮನಿ ಮುಳುಗಸ್ತಾನ." ಆ ಮಾತನ್ನು ಅವಳು ಆ ರಾತ್ರಿ ಹಾಸ್ಟೆಲಿನಲ್ಲಿ ಗೆಳತಿಯರಿಗೆಲ್ಲ ಹೇಳಿದ್ದಳು.

ಮೂರನೇ ದಿನ, ಶುಕ್ರವಾರ, ಈ ಊರಿಗೆ ಬಂದರು. ಶಹಾಪುರ–ಸುರಪುರ ದಾರಿಯಿಂದ ಒಳಗೆ ಹೊರಳಿದರೆ ಸಿಗುವ ಸಣ್ಣ ಊರು. ಮೇಲೆ ಗುಡಿಯ ಮುಂದಿನ ದೊಡ್ಡ ಓಣಿ, ಇಳಿಜಾರಿನ ಕೊನೆಗೆ ದಲಿತರ ಕೇರಿ. ದೊಡ್ಡ ಓಣಿಯಲ್ಲಿ ಜೆಸಿಬಿ ತಂದು ಹಳೆಯ ರಸ್ತೆಯನ್ನು ಅಗೆದು ತೆಗೆದು, ಆಮೇಲೆ ಹೊಸದನ್ನು ಹಾಕಿದ್ದರು. ಅಲ್ಲಿನ ಮನೆಗಳ ಮೆಟ್ಟಿಲು ಮೊದಲು ಹೇಗಿದ್ದವೋ ಹಾಗೇ ಇದ್ದವು. ಕೇರಿಯ ಹತ್ತಿರ ಬರುವ ಹೊತ್ತಿಗೆ ಜೆಸಿಬಿ ವಾಪಸ್ಸು ಹೋಗಿತ್ತು. ಇಲ್ಲಿ ಹಳೆಯ ರಸ್ತೆಯ ಮೇಲೆಯೇ ಹೊಸದು ಬರಲಿತ್ತು.

ಇದು ಕೇರಿಗೆ ಹೊಸದಲ್ಲ. ರಸ್ತೆ ಏರಿದಾಗಲೆಲ್ಲ ಶೇಖಮ್ಮ ಹೊಸ್ತಿಲು ಎತ್ತರಿಸಿದ್ದಾರೆ. ಬಾಗಿಲ ಮೇಲಿನ ಕಲ್ಲು ಮಾತ್ರ ಇದ್ದಲ್ಲೇ ಇದೆ. ಬಡಗಿ ಕದವನ್ನು ಕೆಳಗಿನಿಂದ ಎರಡು ಸಲ ಕೊಯ್ದಿದ್ದಾನೆ. ಈಗ ದೊಡ್ಡವರು ಯಾರೂ ತಲೆ ಬಗ್ಗಿಸದೆ ಆ ಮನೆಯೊಳಗೆ ಹೋಗಲಾರರು.

"ಆಯಿ, ಇನ್ನೊಂದೀಟು ಎತ್ತರಸ್ಕೊಂಡ ಬಿಡ್ರಿ ಹೊಸ್ತಿಲ," ಎಂದರು ಭಗವಂತರಾಯರು. ಮೆತ್ತಗೆಯೇ ಹೇಳಿದರು. ಎಲ್ಲ ಕೇರಿಗಳಲ್ಲೂ ಹೇಳಿ ರೂಢಿಯಾದ ಮಾತು.

"ಎತ್ತರಸ್ತೀನ್ರಿ ಸಾಹೇಬ್ರ," ಎಂದರು ಶೇಖಮ್ಮ. "ಮುಂದಿನ ರಸ್ತಿಗಿ ಕದಾನೇ ಬ್ಯಾಡ. ಮಾಳಗಿ ಬೆಳಕಿಂಡಿಯಾಗಿಂದ ಇಳೀತೀವಿ. ಬೀಗರು ಬಂದ್ರ ಹಗ್ಗ ಬಿಡ್ತೀವಿ."

ಸುತ್ತ ನಿಂತ ಹೆಂಗಸರು ನಕ್ಕರು. ಪಂಚಶೀಲಾ ನಗಲಿಲ್ಲ. ವಡಗೇರಾದಲ್ಲಿ ಅವಳ ಮನೆಗೂ ರಸ್ತೆಯಿಂದ ಎರಡು ಮೆಟ್ಟಿಲು ಇಳಿದೇ ಹೋಗಬೇಕು.

"ಸರ್, ಜೆಸಿಬಿ ಇಲ್ಲಿತನ ಯಾಕ ಬರ್ಲಿಲ್ಲ?"

"ಅಗಿಯೋ ಕೆಲಸ ಎಸ್ಟಿಮೇಟಿನಾಗ ಇದ್ದಿದ್ದೇ ಕಡಿಮಿ. ಮ್ಯಾಲೆ ಮುಗದ್ಹೋತು."

"ನೀರು ಮುಟ್ಟೋ ಜಾಗದಿಂದ ಹಿಡೀಬೇಕು ಅಂದಿದ್ರಲ್ರಿ ನೀವು. ಕೆಳಗಿಂದ ಯಾಕ ಶುರು ಮಾಡ್ಲಿಲ್ಲ?"

ಗುತ್ತಿಗೆದಾರನ ಮೇಸ್ತ್ರಿ ಅಂಬರೀಶ ಅಲ್ಲೇ ನಿಂತಿದ್ದ. "ಇವ್ರ್ಯಾರ್ರಿ ಸಾಹೇಬ್ರ, ನಿಮ್ಮ ಮ್ಯಾಲಿನ ಆಫೀಸರೇನು?" ಎಂದು ನಕ್ಕು, ತಾನೇ ಉತ್ತರ ಹೇಳಿದ: "ಗುದ್ದಲಿ ಪೂಜಿ ಎಲ್ಲಿ ಆಗ್ತದೋ ಅಲ್ಲಿಂದ ಕೆಲಸ ಶುರು ತಂಗಿ. ಪೂಜಿ ಗುಡಿ ಮುಂದೇ ಆಗೋದು. ಕೇರ್ಯಾಗ ಯಾರು ಮಾಡ್ತಾರ?"

ಅವನು ಸುಳ್ಳು ಹೇಳಲಿಲ್ಲ. ಕೇರಿ ಮುಳುಗಲಿ ಎಂದು ಯಾರೂ ಆದೇಶ ಹೊರಡಿಸಿಲ್ಲ, ಹೊರಡಿಸಬೇಕಾಗಿಯೂ ಇಲ್ಲ. ಪೂಜೆ ಮೇಲೆ ನಡೆಯುತ್ತದೆ, ತೆಂಗಿನಕಾಯಿ ಮೇಲೆ ಒಡೆಯುತ್ತದೆ, ಯಂತ್ರ ಮೇಲಿನಿಂದ ಹೊರಡುತ್ತದೆ. ಕಡಿಮೆ ಬೀಳುವುದೆಲ್ಲ ಪ್ರತಿ ಸಲವೂ ಕೊನೆಯ ಮನೆಗಳಿಗೇ ಬೀಳುತ್ತದೆ. ಊರಿನ ಇಳಿಜಾರು ಗೊತ್ತಿರುವ ಎಂಜಿನಿಯರು ಅದನ್ನು ನೋಡುತ್ತಾನೆ, ಹೊಸ್ತಿಲು ಎತ್ತರಿಸಿಕೊಳ್ಳಿ ಎನ್ನುತ್ತಾನೆ. ಮೇಲಿನ ಓಣಿಯಲ್ಲಿ ಈ ಮಾತನ್ನು ಯಾರಿಗೂ ಹೇಳಿದ ನೆನಪು ಭಗವಂತರಾಯರಿಗಿಲ್ಲ. ಹಾಗೆಂದು ಅವರೇ ಒಪ್ಪಿಕೊಳ್ಳುತ್ತಾರೆ.

ಅವರು ಪೈಪಿನ ನೀರು ಚೆಲ್ಲಿ, ಅದನ್ನು ಸುತ್ತಿಕೊಂಡರು. ಆಮೇಲೆ, "ಅಂಬರೀಶ, ನಾಳಿ ಕಾಂಕ್ರೀಟ್ ಬ್ಯಾಡ. ಜೆಸಿಬಿ ತಂದು ಮೊದಲ ಅಗೀರಿ," ಎಂದರು.

"ಆಯ್ತ್ರಿ, ನೀವು ಹೇಳಿದಂಗ," ಎಂದ ಅಂಬರೀಶ.

ಭಾನುವಾರ ರಸ್ತೆ ಹಾಕಿದರು, ಅಗೆಯದೆ. ಎಂಜಿನಿಯರು ಬರದ ದಿನ ಭಾನುವಾರ. ಸೋಮವಾರ ಬೆಳಿಗ್ಗೆ ಜೀಪಿನಲ್ಲಿ ಭಗವಂತರಾಯರೇ ಈ ಸುದ್ದಿಯನ್ನು ಪಂಚಶೀಲಾಳಿಗೆ ಹೇಳಿದರು.

"ಒಡಸ್ತೀರೇನ್ರಿ ಸರ್?"

"ಹಾಕಿದ ರಸ್ತಿ ಒಡಸಿದ ಎಂಜಿನಿಯರ್ನ ನಾ ಇನ್ನೂ ನೋಡಿಲ್ಲವ್ವಾ."

"ಹೊಸ್ತಿಲ ಒಡದು ಎತ್ತರಸಿದವ್ರನ್ನ ಭಾಳ ಮಂದಿನ್ನ ನೋಡೀರಲ್ರಿ."

ಜೀಪಿನ ಚಾಲಕ ಮೌನಪ್ಪ ಹಿಂದಕ್ಕೆ ತಿರುಗಿ ನೋಡಿದ. ಊರು ಬಂತು, ಇಳಿದರು. ಹೊಸ ರಸ್ತೆಯ ಮೇಲೆ ನಿಂತರೆ ಶೇಖಮ್ಮನ ಬಾಗಿಲ ಮೇಲಿನ ಕಲ್ಲು ಎಂಜಿನಿಯರರ ಎದೆಯ ಮಟ್ಟಕ್ಕಿತ್ತು. ಒಳಗಿನಿಂದ ಶೇಖಮ್ಮ ಬಗ್ಗಿ ಹೊರಗೆ ಬಂದು, ಉಸುಕು ತುಂಬಿದ ಚೀಲವೊಂದನ್ನು ಹೊಸ್ತಿಲಿಗೆ ಅಡ್ಡ ಇಟ್ಟರು.

"ಈ ಸಲ ನಾ ಎತ್ತರಸಂಗಿಲ್ರಿ ಸಾಹೇಬ್ರ," ಎಂದರು. "ನಿಮ್ಮ ರಸ್ತಿನೇ ಇಳೀಲಿ."

ಆ ಕೆಲಸವನ್ನು ಒಪ್ಪುವುದಿಲ್ಲ, ಕೇರಿಯ ಭಾಗವನ್ನು ಒಡೆದು ಮತ್ತೆ ಹಾಕಬೇಕು ಎಂದು ಭಗವಂತರಾಯರು ಅಂದೇ ಮೇಲಧಿಕಾರಿಗಳಿಗೆ ತಿಳಿಸಿದರು. ಮಟ್ಟವನ್ನು ಕಣ್ಣಾರೆ ನೋಡಲು ಆ ಅಧಿಕಾರಿಗಳು ಗುರುವಾರ ಬರುತ್ತಿದ್ದಾರೆ. ಒಡೆಸುತ್ತಾರೋ ಇಲ್ಲವೋ ಆಮೇಲಿನ ಮಾತು.

ಪಂಚಶೀಲಾಳ ವಾರ ಮುಗಿದಿದೆ. ಗುರುವಾರ ಪೈಪಿನ ಇನ್ನೊಂದು ತುದಿ ಹಿಡಿಯಲು ಬಾ ಎಂದು ಭಗವಂತರಾಯರು ಹೇಳಿದ್ದಾರೆ. ಅವಳು ಕಾಲೇಜಿಗೆ ರಜೆ ಕೇಳಿದ್ದಾಳೆ. ಶಹಾಪುರದಿಂದ ಸುರಪುರದ ಬೆಳಗಿನ ಬಸ್ಸಿಗೆ ಹೋಗುತ್ತಾಳೆ.